ಮುಂದಿನ ಗೋಡೆಗೆ ಎರಡು ಕೋಟು

"ಮುಂದಕ್ಕೆ ಎರಡು ಕೋಟು, ಪಕ್ಕಕ್ಕೆ ಒಂದು,
ಹಿಂದಕ್ಕೆ ಏನೂ ಬೇಡ ಜವರಪ್ಪ,
ಹಿಂದೆ ಯಾರು ನೋಡ್ತಾರೆ?" ಎಂದ ಬ್ರೋಕರ್ ನಾಗೋಜಿ.
ಹಿಂದೆ ಇರುವುದು ನಾನು.
ಹನ್ನೊಂದು ವರ್ಷ, ಒಂದು ಕೋಣೆ, ಒಂದು ಒಲೆಮೂಲೆ,
ತಿಂಗಳಿಗೆ ಮೂರುಸಾವಿರದಿನ್ನೂರು, ನೀರು ಸೇರಿ.

ನಾನಿರುವ ಮನೆಗೆ ಗಿರಾಕಿ ಬರಲೆಂದು
ನಾನೇ ಬಣ್ಣ ಹೊಡೆಯಬೇಕು,
ಕೂಲಿಯಲ್ಲಿ ರಿಯಾಯಿತಿ ಬೇರೆ.
"ನಿಮ್ಮ ಮನೇನೇ ಅಲ್ವೇನಪ್ಪ" ಅಂದರು ಓನರ್ ಶಾಂತಮಲ್ಲಪ್ಪನವರು.
ಈ ಮಾತು ಅವರು ಹಿಂದೆಂದೂ ಆಡಿದ್ದಿಲ್ಲ.

ಕೆರೆದೆ. ಮೊದಲು ನೀಲಿ ಉದುರಿತು.
ನೀಲಿಯ ಕೆಳಗೆ ಗಿಳಿಹಸಿರು, ಅವರ ಮಗಳ ಮದುವೆಯದು.
ಹಸಿರಿನ ಕೆಳಗೆ ಯಾವುದೋ ಚುನಾವಣೆಯ ಹೊಲಿಗೆಯಂತ್ರ,
ಚಕ್ರ ಅರ್ಧ,
ಗೆದ್ದನೋ ಸೋತನೋ, ಹೆಸರಲ್ಲಿ ಉಳಿದದ್ದು 'ಗೌಡ' ಮಾತ್ರ;
ಹಾಸನದಲ್ಲಿ ಅಷ್ಟರಿಂದ ಯಾರನ್ನು ಹುಡುಕುವುದು?
ಕೊನೆಗೆ ಸುಣ್ಣ, ಉಗುರಿಗೆ ಹತ್ತಿದರೆ ಬಿಡದ ಹಳೇ ಸುಣ್ಣ.
ಗೋಡೆಯ ವಯಸ್ಸು ಕೇಳಬಾರದು,
ಕೇಳಿದರೆ ಹೀಗೆ ಎಲ್ಲವನ್ನೂ ಹೇಳಿಬಿಡುತ್ತದೆ.

ಯಜಮಾನ್ತಿಗೆ ಮತ್ತೆ ಗಿಳಿಹಸಿರೇ ಬೇಕಿತ್ತು.
ನಾಗೋಜಿ ಒಪ್ಪಲಿಲ್ಲ: "ಕೆನೆಬಣ್ಣ ಹಾಕಿ ಅಮ್ಮ,
ಕೊಳ್ಳುವವರು ಅದರ ಮೇಲೆ ತಮ್ಮ ಬಣ್ಣ ಊಹಿಸಿಕೊಳ್ತಾರೆ."
ಗೇಟಿಗೆ ರೆಡ್ ಆಕ್ಸೈಡು, ಮೇಲೆ ಕಪ್ಪು,
ಕಿಟಕಿ ಮೂಲೆಯ ಬಿರುಕಿಗೆ ಮೂರು ಸಲ ಪುಟ್ಟಿ
(ರೈಲು ಹೋದಾಗೆಲ್ಲ ಅದು ಕೂದಲೆಳೆಯಷ್ಟು ಬೆಳೆಯುತ್ತದೆ
ಎಂಬುದು ನನ್ನ ಸಾಕಮ್ಮನ ನಂಬಿಕೆ),
ಸಾಲಗಾಮೆ ರಸ್ತೆಯ ನರ್ಸರಿಯಿಂದ ಆರು ಕ್ರೋಟನ್ ಕುಂಡ,
ಬಾಡಿಗೆಗೆ, ಮೂರು ಭಾನುವಾರಕ್ಕೆ.
ಬಾಡಿಗೆಗೆ ಗಿಡವೂ ಸಿಗುತ್ತದೆಂದು ನನಗೆ ಗೊತ್ತಿರಲಿಲ್ಲ.
ನೀರು ಮಾತ್ರ ನಾವೇ ಹಾಕಬೇಕಿತ್ತು.

ವರ್ಷಕ್ಕೊಮ್ಮೆ ಬಾಗಿಲು ತೆಗೆಯುವ ದೇವಿಯ ಊರು ಇದು.
ಈ ಗೇಟು ಮಾತ್ರ ವಾರವಾರ ತೆಗೆಯಿತು.
ಒಬ್ಬರು ಕಾರಿನಿಂದ ಇಳಿಯಲೇ ಇಲ್ಲ.
ಒಬ್ಬರು ಹೊಸ್ತಿಲಲ್ಲಿ ನಿಂತು ದಿಕ್ಕು ನೋಡಿ ಹೊರಟರು.
ನಾವು ಅಷ್ಟು ಹೊತ್ತು ಹಗ್ಗದ ಮೇಲಿನ ಬಟ್ಟೆ ಒಳಗೆಳೆದುಕೊಂಡು
ಬಾಗಿಲು ಹಾಕಿಕೊಂಡು ಕೂರಬೇಕು, ಕೆಮ್ಮು ಬಂದರೂ.

ಮೂರನೇ ಭಾನುವಾರ ಬಂದವಳು
ಆಲೂಗಡ್ಡೆ ಮಂಡಿಯಲ್ಲಿ ಲೆಕ್ಕ ಬರೆಯುವ ಹೆಂಗಸು, ಪಾರ್ವತವ್ವ.
ಬಂದವಳೇ ಗೋಡೆಗೆ ಗೆಣ್ಣಿನಿಂದ ಕುಟ್ಟಿದಳು,
ತೆಂಗಿನಕಾಯಿ ಆರಿಸುವವರ ಹಾಗೆ.
ಕಿಟಕಿಯ ಮೂಲೆಯಲ್ಲಿ ಕೈ ನಿಂತಿತು.
"ಮೂಟೆ ಮೇಲ್ಗಡೆ ದಪ್ಪ ಗೆಡ್ಡೆ ಇಡೋದು ನಮಗೂ ಗೊತ್ತು," ಎಂದು
ನಾಗೋಜಿ ತಡೆಯುವಷ್ಟರಲ್ಲಿ ಹಿಂದಕ್ಕೆ ನಡೆದೇಬಿಟ್ಟಳು.

ಹಿಂದಿನ ಗೋಡೆ ನನ್ನದು.
ದಿನವೂ ಕೆಲಸ ಮುಗಿಸಿ ಬಂದು ಬ್ರಷ್ ಒರೆಸುವ ಗೋಡೆ:
ಗವೇನಹಳ್ಳಿ ಡಾಕ್ಟರ ಮನೆಯ ಬದನೆಬಣ್ಣ,
ಆಲೂರಿನ ಮಸೀದಿಯ ಹಸಿರು,
ಅಂಗನವಾಡಿಯ ಮೊಲದ ಕಿವಿಯ ಗುಲಾಬಿ,
ದುಡ್ಡು ಕೊಡದೆ ಹೋದ ಬೇಕರಿಯವನ ಹಳದಿ
(ಅದು ಎರಡು ಗೀಟು, ಸಿಟ್ಟಿನಲ್ಲಿ ಹೆಚ್ಚಾಗಿ ಒರೆಸಿದ್ದು).
ಮೊಣಕಾಲಿನಿಂದ ತಲೆಯೆತ್ತರಕ್ಕೆ, ಹನ್ನೊಂದು ವರ್ಷ.

ಅವಳು ಸುಮ್ಮನೆ ನಿಂತಳು.
ಲೆಕ್ಕ ಬರೆಯುವವರು ಪುಟ ನೋಡುವಂತೆ
ಮೇಲಿನಿಂದ ಕೆಳಕ್ಕೆ ನೋಡಿದಳು.
"ಇದನ್ನೂ ಹೊಡೆಸಿಬಿಡ್ತೀವಿ ಅಮ್ಮ, ನಾಳೇನೇ!" ನಾಗೋಜಿ ಬೆವೆತ.
ಹೊಡೆಸಿ ಅಂತಲೂ ಇಲ್ಲ, ಬೇಡ ಅಂತಲೂ ಇಲ್ಲ.
ಬಾಗಿಲ ಸಂದಿಯಲ್ಲಿದ್ದ ಸಾಕಮ್ಮನನ್ನು ಕೇಳಿದಳು:
"ಮಳೆಗಾಲದಲ್ಲಿ ಇಲ್ಲಿ ನೀರು ಇಳಿಯುತ್ತಾ?"
ಸಾಕಮ್ಮ ನನ್ನ ಮುಖ ನೋಡಲಿಲ್ಲ.
"ಇಳಿಯುತ್ತೆ," ಎಂದಳು.

ಇಳಿಯುವ ನೀರಿಗೆ ಎರಡು ಲಕ್ಷ ಕಳೆದು ವ್ಯಾಪಾರ ಕುದುರಿತು.
ಕುಂಡಗಳು ಸೋಮವಾರವೇ ಆಟೋದಲ್ಲಿ ಹೋದವು.
ಒಂದು ಹೊಸ ಚಿಗುರು ಬಿಟ್ಟಿತ್ತು.
ಉಳಿದ ಅರ್ಧ ಬಕೆಟ್ ಕೆನೆಬಣ್ಣ ತಂದಿಟ್ಟು ನಾಗೋಜಿ
"ಹಿಂದಕ್ಕೂ ಎಳೆದುಬಿಡು" ಎಂದು ಹೋದ.

ಮುಚ್ಚಳ ತೆಗೆದೆ, ಕಡ್ಡಿಯಿಂದ ಕಲಕಿದೆ.
ಬ್ರಷ್ ಅದ್ದಿದ್ದೆ ಕೂಡ.
ಒಳಗಿನಿಂದ ಅವಳು:
"ಬಣ್ಣ ಆಮೇಲೆ ಹೊಡಿ.
ಹೋಗಿ ಮೊದ್ಲು ಅಡ್ವಾನ್ಸ್ ವಾಪಸ್ ಕೇಳು."
ಹೌದಲ್ಲ ಅನ್ನಿಸಿತು.
ಅದ್ದಿದ ಬ್ರಷ್ ಹಾಗೇ ಇಡಲಾಗದು,
ಗುಲಾಬಿಯ ಪಕ್ಕ ಒರೆಸಿ
ಚಪ್ಪಲಿ ಮೆಟ್ಟಿಕೊಂಡೆ.